ಕರುಳಿನ ದೀರ್ಘಕಾಲದ ಉರಿಯೂತ ಮತ್ತು ರೋಗಿಯ ಸ್ವಯಂನಿರ್ವಹಣೆ: ಒಂದು ಚಾರಿತ್ರಿಕ ಸಮೀಕ್ಷೆ

೧೮೫೯ನೆಯ ಇಸವಿಯ ಮೇ ತಿಂಗಳ ಮೊದಲ ವಾರದಲ್ಲಿ ಲಂಡನ್ನಿಗೆ ಸಮೀಪದ ರಿಚ್ಮಂಡಿನಲ್ಲಿ ಇಸಬೆಲ್ಲ ಬ್ಯಾಂಕ್ಸ್ ಎಂಬಾಕೆ ಹಲವು ವಾರಗಳ ವಾಂತಿಭೇದಿಗಳಿಂದ ಬಳಲಿ ತೀರಿಕೊಂಡಳು. ಆಕೆಯೊಡನೆ ವಾಸವಾಗಿದ್ದ ಥಾಮಸ್ ಸ್ಮೆಥರ್ಸ್ಟ್ ಎಂಬ ವೈದ್ಯನೇ ವಿಷವಿಕ್ಕಿ ಕೊಂದನೆಂಬ ಆಪಾದನೆ ಹುಟ್ಟಿ, ಓಲ್ಡ್ ಬೇಲಿ ನ್ಯಾಯಾಲಯವು ಅವನಿಗೆ ಮರಣದಂಡನೆಯನ್ನು ವಿಧಿಸಿತು. ಆದರೆ ಪರೀಕ್ಷೆಯಲ್ಲಿ ಕಂಡುಬಂದ ಪಾಷಾಣವು ಪರೀಕ್ಷೆಗೆ ಬಳಸಿದ ತಾಮ್ರದಿಂದಲೇ ಬಂದುದೆಂದು ಪರೀಕ್ಷಕನೇ ಒಪ್ಪಬೇಕಾಗಿದ್ದಿತು. ಕಡೆಗೆ ಸ್ಮೆಥರ್ಸ್ಟನಿಗೆ ಕ್ಷಮಾದಾನ ದೊರೆಯಿತು. (ದ್ವಿಪತ್ನಿತ್ವದ ಅಪರಾಧಕ್ಕಾಗಿ ಅವನು ಅನಂತರ ಸೆರೆಮನೆಗೆ ಹೋದನೆಂಬುದು ಬೇರೆಯ ಮಾತು.) ಮೃತಳ ಕರುಳನ್ನು ಪರೀಕ್ಷಿಸಿದ ಗೈಸ್ ಆಸ್ಪತ್ರೆಯ ಸ್ಯಾಮ್ಯುಯಲ್ ವಿಲ್ಕ್ಸ್ ಎಂಬ ವೈದ್ಯನು ಅದರಲ್ಲಿ ತಾನು ಕಂಡ ಉರಿಯೂತವನ್ನೂ ವ್ರಣಗಳನ್ನೂ ವರ್ಣಿಸಿ ಅದೇ ವರ್ಷ ವೈದ್ಯಪತ್ರಿಕೆಯೊಂದಕ್ಕೆ ಪತ್ರ ಬರೆದನು. ‘ಅಲ್ಸರೇಟಿವ್ ಕೊಲೈಟಿಸ್’ ಎಂಬ ಹೆಸರಿನ ಚರಿತ್ರೆಯನ್ನು ಈ ಪತ್ರದಿಂದ ಆರಂಭಿಸುವುದು ವಾಡಿಕೆ. ಆಕೆಗಿದ್ದುದು ಈಗ ನಾವು ಕ್ರೋನ್ ರೋಗವೆಂದು ಕರೆಯುವ ಇನ್ನೊಂದು ವ್ಯಾಧಿಯಾಗಿರಬಹುದೆಂದು ಈಚಿನ ವಿದ್ವಾಂಸರಲ್ಲಿ ಕೆಲವರು ಊಹಿಸಿದ್ದಾರೆ.

ಈ ಪ್ರಕರಣದಲ್ಲಿ ವೈದ್ಯರ ಸಾಕ್ಷ್ಯವುಂಟು, ರಸಾಯನಜ್ಞರ ಸಾಕ್ಷ್ಯವುಂಟು, ವಕೀಲರ ವಾದಗಳುಂಟು. ತನ್ನ ದೇಹದಲ್ಲಿ ನಡೆಯುತ್ತಿದ್ದುದನ್ನು ಆ ಹೆಂಗಸು ಹೇಗೆ ತಿಳಿದಿದ್ದಳು, ಹೇಗೆ ನಿಭಾಯಿಸಿದಳು ಎಂಬುದನ್ನು ಮಾತ್ರ ಯಾರೂ ಬರೆದಿಡಲಿಲ್ಲ. ಕರುಳಿನ ಉರಿಯೂತದ ಚರಿತ್ರೆಯನ್ನು ಬರೆಯ ಹೊರಡುವವರಿಗೆ ಇದು ಮೊದಲಿನಿಂದಲೂ ಎದುರಾಗುವ ತೊಡಕು. ಆಧಾರಗಳೆಲ್ಲ ಬಹುಮಟ್ಟಿಗೆ ವೈದ್ಯರ ಕೈಯಿಂದ ಬಂದವು; ಆದುದರಿಂದ ಚರಿತ್ರೆಯೂ ಔಷಧಗಳ, ಶಸ್ತ್ರಚಿಕಿತ್ಸೆಗಳ ಚರಿತ್ರೆಯಾಗಿಯೇ ಬೆಳೆದುಬಂದಿದೆ. ರೋಗಿಯು ತನ್ನ ರೋಗವನ್ನು ತಾನೇ ನಿರ್ವಹಿಸುವ ಕಾರ್ಯವು ಯಾವಾಗ, ಯಾರಿಂದ, ಯಾವ ಕ್ರಮದಲ್ಲಿ ವೈದ್ಯಶಾಸ್ತ್ರದ ಮನ್ನಣೆಯನ್ನು ಪಡೆಯಿತೆಂಬುದನ್ನು ಈ ಲೇಖನದಲ್ಲಿ ವಿಚಾರಿಸುತ್ತೇವೆ. ಈ ಮನ್ನಣೆಯು ವೈದ್ಯರು ಅನುಗ್ರಹಿಸಿ ಕೊಟ್ಟುದಲ್ಲ, ಈಚಿನ ಯಂತ್ರೋಪಕರಣಗಳಿಂದ ಹುಟ್ಟಿದುದೂ ಅಲ್ಲ. ಅದರ ಮೂಲವನ್ನು ೧೯೫೦ರ ಸುಮಾರಿನಲ್ಲಿ ಶಸ್ತ್ರಚಿಕಿತ್ಸೆಗೆ ಒಳಗಾದ ರೋಗಿಗಳ ಕೂಟಗಳಲ್ಲಿ ಅರಸಬೇಕೆಂಬುದು ನಮ್ಮ ಅಭಿಪ್ರಾಯ.

ವಿಷಯಪ್ರವೇಶಕ್ಕೆ ಮುನ್ನ ಎರಡು ಮಾತುಗಳ ಅರ್ಥವನ್ನು ಸ್ಪಷ್ಟಪಡಿಸುವುದು ಒಳ್ಳೆಯದು. ಕರುಳಿನ ದೀರ್ಘಕಾಲದ ಉರಿಯೂತವೆಂದರೆ ಮುಖ್ಯವಾಗಿ ಎರಡು ರೋಗಗಳು. ದೊಡ್ಡ ಕರುಳಿನ ಒಳಪೊರೆಯಲ್ಲಿ ವ್ರಣಗಳನ್ನುಂಟುಮಾಡಿ ರಕ್ತಸಹಿತವಾದ ಭೇದಿಗೆ ಕಾರಣವಾಗುವ ಅಲ್ಸರೇಟಿವ್ ಕೊಲೈಟಿಸ್ ಒಂದು. ಬಾಯಿಂದ ಗುದದವರೆಗೆ ಎಲ್ಲಿಯಾದರೂ ತಲೆದೋರಿ, ಕರುಳಿನ ಗೋಡೆಯ ಪೂರ್ಣ ದಪ್ಪವನ್ನು ಆಕ್ರಮಿಸಬಲ್ಲ ಕ್ರೋನ್ ರೋಗ ಇನ್ನೊಂದು. ಎರಡೂ ಬಹುಮಟ್ಟಿಗೆ ತಾರುಣ್ಯದಲ್ಲಿ ಕಾಣಿಸಿಕೊಂಡು ಜೀವಮಾನವಿಡೀ ಉಳಿಯುತ್ತವೆ. ಕೆಲವು ಕಾಲ ಅಡಗಿದ್ದು ಮತ್ತೆ ಉಲ್ಬಣಿಸುತ್ತವೆ. ಇನ್ನು ಸ್ವಯಂನಿರ್ವಹಣೆಯೆಂದರೆ ಸ್ವಯಂಚಿಕಿತ್ಸೆಯಲ್ಲ. ವೈದ್ಯನನ್ನು ತೊರೆದು ಮನಬಂದಂತೆ ಔಷಧವನ್ನು ನುಂಗುವುದು ಬೇರೆ. ಉಲ್ಬಣದ ಲಕ್ಷಣಗಳನ್ನು ಗುರುತಿಸಿ, ಮೊದಲೇ ವೈದ್ಯನೊಡನೆ ಒಪ್ಪಿಕೊಂಡ ಕ್ರಮದಂತೆ ಔಷಧವನ್ನು ಹೆಚ್ಚಿಸಿಕೊಂಡು, ಯಾವ ಘಟ್ಟದಲ್ಲಿ ಆಸ್ಪತ್ರೆಗೆ ಹೋಗಲೇಬೇಕೆಂಬುದನ್ನು ಅರಿತಿರುವುದು ಬೇರೆ.

೧೯೩೨ರಲ್ಲಿ ನ್ಯೂಯಾರ್ಕಿನ ಮೌಂಟ್ ಸೈನೈ ಆಸ್ಪತ್ರೆಯ ಕ್ರೋನ್, ಗಿನ್ಸ್‌ಬರ್ಗ್ ಮತ್ತು ಓಪನ್‌ಹೈಮರ್ ಎಂಬ ಮೂವರು ಹದಿನಾಲ್ಕು ರೋಗಿಗಳ ವೃತ್ತಾಂತವನ್ನು ಪ್ರಕಟಿಸಿದುದರಿಂದ ಎರಡನೆಯ ರೋಗಕ್ಕೆ ಸ್ಪಷ್ಟವಾದ ಸ್ಥಾನ ದೊರೆಯಿತು. (ಗ್ಲಾಸ್ಗೋದ ಡಾಲ್ಜೀಲ್ ಎಂಬ ಶಸ್ತ್ರವೈದ್ಯನು ೧೯೧೩ರಲ್ಲಿಯೇ ಇಂತಹ ರೋಗಿಗಳನ್ನು ವರ್ಣಿಸಿದ್ದನು. ಹೆಸರು ಮಾತ್ರ ಕ್ರೋನನಿಗೆ ಸಂದಿತು.) ಸ್ಟಾಕ್‌ಹೋಮಿನ ನಾನ್ನ ಸ್ವಾರ್ಟ್ಸ್ ಎಂಬ ವೈದ್ಯವಿದುಷಿಯು ಕೀಲುವಾತಕ್ಕೆಂದು ಸಿದ್ಧಪಡಿಸಿದ ಸಲ್ಫಸಲಜೀನ್ ಎಂಬ ಔಷಧವು ಕೊಲೈಟಿಸಿನಲ್ಲಿಯೂ ಗುಣ ಕೊಡುವುದೆಂದು ೧೯೪೨ರಲ್ಲಿ ಪ್ರಕಟಪಡಿಸಿದಳು. ಆದರೆ ಆ ಕಾಲದ ವೈದ್ಯರ ಮನಸ್ಸು ಇನ್ನೊಂದು ದಿಕ್ಕಿಗೆ ತಿರುಗಿದ್ದಿತು. ೧೯೩೦ರಲ್ಲಿ ಅಮೆರಿಕದ ಮರ್ರೆಯೆಂಬ ವೈದ್ಯನು ಕೊಲೈಟಿಸ್ ರೋಗಕ್ಕೆ ಮಾನಸಿಕ ಕಾರಣಗಳನ್ನು ಸೂಚಿಸಿದ ಮೇಲೆ ಸುಮಾರು ಮೂರು ದಶಕಗಳ ಕಾಲ ಆ ವಾದವು ಬಲವಾಗಿ ಬೇರೂರಿತು. ಕೊಲೈಟಿಸ್ ರೋಗಿಯು ಸ್ವಭಾವತಃ ಪರಾವಲಂಬಿ, ತಾಯಿಯ ಸೆರಗನ್ನು ಬಿಡಲಾರದವನು, ಮನಸ್ಸಿನಲ್ಲಿ ಬೆಳೆಯದವನು ಎಂಬ ಚಿತ್ರವನ್ನು ವಿದ್ವತ್ಪೂರ್ಣವಾದ ಲೇಖನಗಳು ಮತ್ತೆ ಮತ್ತೆ ಬಿಡಿಸಿದವು. ದಿನಕ್ಕೆ ಹತ್ತು ಹದಿನೈದು ಬಾರಿ ಶೌಚಕ್ಕೆ ಓಡಬೇಕಾದವನು ಚಿಂತಾಕ್ರಾಂತನಾಗಿರುವುದು ರೋಗದ ಕಾರಣವೋ ಪರಿಣಾಮವೋ ಎಂಬ ಸರಳವಾದ ಪ್ರಶ್ನೆಯನ್ನು ಕೇಳಿದವರು ವಿರಳ. ಅಂತಹ ಅಧ್ಯಯನಗಳನ್ನು ೧೯೯೦ರಲ್ಲಿ ಒಟ್ಟಾಗಿ ಪರಿಶೀಲಿಸಿದ ವಿದ್ವಾಂಸರಿಗೆ ಅವುಗಳ ಪೈಕಿ ಕ್ರಮಬದ್ಧವಾದವುಗಳಲ್ಲಿ ಆ ಸಂಬಂಧಕ್ಕೆ ಆಧಾರ ಕಾಣಲಿಲ್ಲ. ಇಲ್ಲಿ ನಮಗೆ ಮುಖ್ಯವಾದುದು ಇಷ್ಟು: ಯಾರನ್ನು ಶಾಸ್ತ್ರವೇ ಪರಾವಲಂಬಿಯೆಂದು ಕರೆಯಿತೋ ಅವನ ಕೈಗೆ ಅವನ ಚಿಕಿತ್ಸೆಯ ಯಾವುದೇ ಭಾಗವನ್ನು ಒಪ್ಪಿಸುವ ಯೋಚನೆ ಆ ಶಾಸ್ತ್ರಕ್ಕೆ ಬರುವಂತಿರಲಿಲ್ಲ.

ಹೀಗಿರುವಾಗ ಅದೇ ರೋಗಿಗಳು ತಮ್ಮಷ್ಟಕ್ಕೆ ತಾವೇ ಬೇರೊಂದು ದಾರಿಯನ್ನು ಹಿಡಿದಿದ್ದರು. ಔಷಧಕ್ಕೆ ಬಗ್ಗದ ಕೊಲೈಟಿಸಿಗೆ ಇದ್ದ ಕೊನೆಯ ಉಪಾಯ ಇಲಿಯಾಸ್ಟಮಿ, ಎಂದರೆ ಸಣ್ಣ ಕರುಳಿನ ತುದಿಯನ್ನು ಹೊಟ್ಟೆಯ ಮೇಲೆ ಹೊರಕ್ಕೆ ತೆರೆಯುವ ಶಸ್ತ್ರಚಿಕಿತ್ಸೆ. ಸೇಂಟ್ ಲೂಯಿಸ್ ನಗರದ ಬ್ರೌನ್ ಎಂಬ ಶಸ್ತ್ರವೈದ್ಯನು ಇದನ್ನು ೧೯೧೩ರಲ್ಲಿಯೇ ವರ್ಣಿಸಿದ್ದರೂ ಬಹುಕಾಲ ರೋಗಿಗಳು ಇದಕ್ಕೆ ಹೆದರುತ್ತಿದ್ದರು. ಹೆದರಿಕೆ ಸಕಾರಣವಾಗಿಯೇ ಇದ್ದಿತು. ಹಗಲಿರುಳೂ ಹೊರಬರುವ ದ್ರವದಲ್ಲಿ ಜೀರ್ಣರಸಗಳಿರುವುದರಿಂದ ಅದು ಸೋಕಿದ ಚರ್ಮವು ಸುಟ್ಟಂತೆ ಕಿತ್ತುಹೋಗುತ್ತಿದ್ದಿತು. ಅದನ್ನು ಹಿಡಿದಿಡಲು ತಕ್ಕ ಚೀಲವಿರಲಿಲ್ಲ. ಶಸ್ತ್ರವೈದ್ಯನ ಕೆಲಸ ಮುಗಿಯುತ್ತಿದ್ದ ಜಾಗದಲ್ಲಿ ರೋಗಿಯ ಕೆಲಸ ಆರಂಭವಾಗುತ್ತಿದ್ದಿತು. ಷಿಕಾಗೋ ನಗರದ ಸ್ಟ್ರಾಸ್ ಎಂಬ ಶಸ್ತ್ರವೈದ್ಯನ ರೋಗಿಗಳಲ್ಲಿ ಒಬ್ಬನಾದ ಕೋನಿಗ್ ಎಂಬ ರಸಾಯನಶಾಸ್ತ್ರದ ವಿದ್ಯಾರ್ಥಿ ಚರ್ಮಕ್ಕೆ ಅಂಟಿಕೊಂಡು ನಿಲ್ಲುವ ರಬ್ಬರಿನ ಚೀಲವೊಂದನ್ನು ರೂಪಿಸಿದನು. ೧೯೪೦ರ ದಶಕದಲ್ಲಿ ಈ ಚೀಲವು ಅನೇಕರನ್ನು ಮನೆಯಿಂದ ಹೊರಕ್ಕೆ, ಉದ್ಯೋಗಕ್ಕೆ ಕರೆತಂದಿತು. ಇದು ರೋಗಿಯ ಕೈಯ ಕೆಲಸವೆಂಬುದನ್ನು ಮರೆಯಬಾರದು.

ಇದರ ಬೆನ್ನಿಗೇ ೧೯೫೨ರಲ್ಲಿ ಎರಡು ಮುಖ್ಯ ಘಟನೆಗಳು ನಡೆದವು. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಬ್ರಯನ್ ಬ್ರೂಕ್ ಎಂಬ ಶಸ್ತ್ರವೈದ್ಯನು ಕರುಳಿನ ತುದಿಯನ್ನು ಅಂಗಿಯ ತೋಳನ್ನು ಮಡಚುವಂತೆ ಹೊರಮಗ್ಗುಲಾಗಿ ಮಡಚಿ ಹೊಲಿಯುವ ವಿಧಾನವನ್ನು ಪ್ರಕಟಿಸಿದನು. ಅಮೆರಿಕದ ಕ್ಲೀವ್‌ಲೆಂಡಿನಲ್ಲಿ ರೂಪರ್ಟ್ ಟರ್ನ್‌ಬುಲ್ ಎಂಬಾತನು ಕೃತಕ ಹಲ್ಲುಗಳನ್ನು ಅಂಟಿಸಿಕೊಳ್ಳಲು ಬಳಕೆಯಲ್ಲಿದ್ದ ಕರಾಯ ಗೋಂದಿನ ಪುಡಿಯು ತೆರಪಿನ ಸುತ್ತಣ ಚರ್ಮವನ್ನು ಕಾಪಾಡುವುದೆಂದು ಕಂಡುಕೊಂಡನು. ಈ ಗೋಂದು ಸ್ಟರ್ಕ್ಯೂಲಿಯ ಯೂರೆನ್ಸ್ ಎಂಬ ಮರದ್ದು. ನಮ್ಮ ದಖನ್ನಿನ ಮತ್ತು ಮಧ್ಯ ಭಾರತದ ಒಣಕಾಡುಗಳಲ್ಲಿ ಈ ಮರ ಬೆಳೆಯುತ್ತದೆ. ಕಾಡಿನ ಜನರು ಕಾಂಡಕ್ಕೆ ಕಚ್ಚುಹಾಕಿ, ಒಸರಿ ಗಟ್ಟಿಯಾದ ಅಂಟನ್ನು ಬಿಡಿಸಿ ಮಾರುತ್ತಿದ್ದರು. ಅದು ಇಲ್ಲಿಂದ ವಿದೇಶಗಳಿಗೆ ರಫ್ತಾಗುತ್ತಿದ್ದಿತು. ಓಹಯೋ ಸಂಸ್ಥಾನದ ರೋಗಿಯೊಬ್ಬನ ಚರ್ಮವು ಮಾಯುವುದಕ್ಕೂ ನಮ್ಮ ಗುಡ್ಡಗಾಡಿನವರ ದುಡಿಮೆಗೂ ಹೀಗೊಂದು ನಂಟು ಬೆಳೆದುದನ್ನು ಎರಡು ಕಡೆಯವರೂ ಅರಿತಿರಲಾರರು.

ಆದರೆ ಚೀಲವೂ ಗೋಂದೂ ದೊರೆತ ಮಾತ್ರಕ್ಕೆ ಬದುಕು ಸಾಗುವುದಿಲ್ಲ. ರಾತ್ರಿ ಮಲಗುವುದು ಹೇಗೆ, ಏನು ಉಣ್ಣಬೇಕು, ಮದುವೆಯಾಗಬಹುದೇ, ಮಕ್ಕಳನ್ನು ಹೆರಬಹುದೇ, ಕಚೇರಿಯಲ್ಲಿ ಸದ್ದಾದರೆ ಏನು ಮಾಡುವುದು: ಈ ಪ್ರಶ್ನೆಗಳಿಗೆ ಶಸ್ತ್ರವೈದ್ಯರಲ್ಲಿ ಉತ್ತರವಿರಲಿಲ್ಲ. ಉತ್ತರವಿದ್ದುದು ಅದೇ ಸ್ಥಿತಿಯಲ್ಲಿ ಬದುಕುತ್ತಿದ್ದವರಲ್ಲಿ. ಮೌಂಟ್ ಸೈನೈ ಆಸ್ಪತ್ರೆಯಲ್ಲಿ ಆಲ್ಬರ್ಟ್ ಲಯನ್ಸ್ ಎಂಬ ಶಸ್ತ್ರವೈದ್ಯನ ಪ್ರೋತ್ಸಾಹದಿಂದ ೧೯೫೧ರಲ್ಲಿ ಇಂತಹವರ ಕೂಟವೊಂದು ಆರಂಭವಾಯಿತು. ಅವರು ಮಲಗಿದ್ದ ವಾರ್ಡುಗಳ ಅಕ್ಷರಗಳನ್ನೇ ಸೇರಿಸಿ ಅದಕ್ಕೆ ‘ಕ್ಯೂ ಟಿ’ ಎಂದು ಹೆಸರಿಟ್ಟರು. ಇಂತಹ ಕೂಟಗಳು ಬೇರೆ ನಗರಗಳಲ್ಲಿಯೂ ಎದ್ದು ೧೯೬೨ರಲ್ಲಿ ಅಮೆರಿಕದ ರಾಷ್ಟ್ರೀಯ ಸಂಘವಾಗಿ ಒಂದುಗೂಡಿದವು. ಬ್ರಿಟನ್ನಿನಲ್ಲಿ ೧೯೫೬ರಲ್ಲಿಯೇ ಇಲಿಯಾಸ್ಟಮಿ ಸಂಘ ಸ್ಥಾಪಿತವಾಯಿತು. ಬ್ರೂಕನೇ ಅದರ ಅಧ್ಯಕ್ಷನಾದನು. ಈ ಸಂಘಗಳ ಮುಖ್ಯ ಕಾರ್ಯ ಉಪನ್ಯಾಸವಲ್ಲ, ಭೇಟಿ. ಶಸ್ತ್ರಚಿಕಿತ್ಸೆಗೆ ಮೊದಲು ಹೆದರಿ ಮಲಗಿದ್ದವನ ಹಾಸಿಗೆಯ ಬಳಿಗೆ ಅದೇ ಚಿಕಿತ್ಸೆಯನ್ನು ಪಡೆದು ಗುಣಹೊಂದಿದವನೊಬ್ಬನು ಚೆನ್ನಾಗಿ ಉಡುಪು ತೊಟ್ಟು ನಡೆದುಬಂದು ಕುಳಿತರೆ, ಚೀಲವು ಎಲ್ಲಿದೆಯೆಂಬುದೇ ನೋಡುವವನಿಗೆ ತಿಳಿಯುತ್ತಿರಲಿಲ್ಲ. ವೈದ್ಯನ ನೂರು ಮಾತುಗಳು ಮಾಡಲಾರದುದನ್ನು ಈ ದರ್ಶನವೊಂದೇ ಮಾಡುತ್ತಿದ್ದಿತು.

ನಾರ್ಮ ಗಿಲ್ ಎಂಬ ಮಹಿಳೆಯ ವೃತ್ತಾಂತವು ಇದಕ್ಕೆ ಕಲಶಪ್ರಾಯವಾಗಿದೆ. ಕೊಲೈಟಿಸಿನಿಂದ ವರ್ಷಗಟ್ಟಲೆ ನರಳಿದ ಈಕೆಗೆ ೧೯೫೪ರಲ್ಲಿ ಟರ್ನ್‌ಬುಲ್ ಇಲಿಯಾಸ್ಟಮಿ ಮಾಡಿದನು. ಚೇತರಿಸಿಕೊಂಡ ಮೇಲೆ ಆಕೆ ಓಹಯೋದ ಆಕ್ರನ್ ಪಟ್ಟಣದಲ್ಲಿ ತನ್ನಂತಹ ರೋಗಿಗಳಿಗೆ ಸ್ವಇಚ್ಛೆಯಿಂದ ನೆರವಾಗತೊಡಗಿದಳು. ೧೯೫೮ರಲ್ಲಿ ಟರ್ನ್‌ಬುಲ್ ಆಕೆಯನ್ನು ಕ್ಲೀವ್‌ಲೆಂಡ್ ಕ್ಲಿನಿಕ್ಕಿಗೆ ಕರೆಸಿಕೊಂಡು ಅದೇ ಕೆಲಸಕ್ಕೆ ನೇಮಿಸಿದನು. ೧೯೬೧ರಲ್ಲಿ ಇಬ್ಬರೂ ಸೇರಿ ಆ ವಿದ್ಯೆಯನ್ನು ಇತರರಿಗೆ ಕಲಿಸುವ ಶಿಕ್ಷಣಕ್ರಮವನ್ನೇ ಆರಂಭಿಸಿದರು. ಗಿಲ್ ದಾದಿಯಾಗಿರಲಿಲ್ಲ, ವೈದ್ಯಳೂ ಆಗಿರಲಿಲ್ಲ. ಅನುಭವವೇ ಆಕೆಯ ಅರ್ಹತೆ. ಮೊದಲ ವರ್ಷಗಳಲ್ಲಿ ಈ ಶಿಕ್ಷಣಕ್ಕೆ ಸೇರುತ್ತಿದ್ದವರು ಬಹುಮಟ್ಟಿಗೆ ತಾವೇ ರೋಗಿಗಳಾಗಿದ್ದವರು ಅಥವಾ ಅವರ ಮನೆಯವರು. ೧೯೭೦ರ ದಶಕದಲ್ಲಿ ಅದು ನೋಂದಾಯಿತ ದಾದಿಯರಿಗೆ ಮಾತ್ರ ಮೀಸಲಾಯಿತು. ವೃತ್ತಿಯ ದರ್ಜೆ ಇದರಿಂದ ಏರಿತೆಂಬುದು ನಿಜ. ಆದರೆ ಅನುಭವವನ್ನೇ ಅರ್ಹತೆಯೆಂದು ಎಣಿಸಿದ ಅಪೂರ್ವವಾದ ಸಂಪ್ರದಾಯವೊಂದು ಅಲ್ಲಿಗೆ ಮುಗಿಯಿತೆಂದು ನಾವು ವ್ಯಥೆಪಟ್ಟರೆ ತಪ್ಪಾಗದು.

ಶಸ್ತ್ರಚಿಕಿತ್ಸೆಯನ್ನು ಬಯಸದ, ಔಷಧದಲ್ಲಿಯೇ ಉಳಿದ ಬಹುಸಂಖ್ಯಾತ ರೋಗಿಗಳ ವಿಷಯವು ಬೇರೆ ಮಾರ್ಗದಲ್ಲಿ ಸಾಗಿತು. ಆಕ್ಸ್‌ಫರ್ಡಿನ ಟ್ರೂಲವ್ ಮತ್ತು ವಿಟ್ಸ್ ೨೧೦ ಮಂದಿ ಕೊಲೈಟಿಸ್ ರೋಗಿಗಳಲ್ಲಿ ಕಾರ್ಟಿಸೋನ್ ಔಷಧವನ್ನು ಪರೀಕ್ಷಿಸಿ ೧೯೫೫ರಲ್ಲಿ ಪೂರ್ಣ ವರದಿಯನ್ನು ಪ್ರಕಟಿಸಿದರು. ಔಷಧದ ಗುಣ ಸಿದ್ಧವಾಯಿತು. ಆದರೆ ನಮ್ಮ ದೃಷ್ಟಿಗೆ ಅದಕ್ಕಿಂತ ಮುಖ್ಯವಾದುದು ರೋಗದ ತೀವ್ರತೆಯನ್ನು ಅಳೆಯಲು ಅವರು ಗೊತ್ತುಮಾಡಿದ ಮಾನದಂಡ. ದಿನಕ್ಕೆ ನಾಲ್ಕು ಬಾರಿ ಅಥವಾ ಕಡಿಮೆ ಮಲವಿಸರ್ಜನೆಯಾದರೆ ಮೃದು; ರಕ್ತದೊಡನೆ ಆರು ಬಾರಿ ಅಥವಾ ಹೆಚ್ಚಾಗಿ, ಜೊತೆಗೆ ಜ್ವರ, ನಿಮಿಷಕ್ಕೆ ತೊಂಬತ್ತನ್ನು ಮೀರಿದ ನಾಡಿ, ರಕ್ತಹೀನತೆ ಮೊದಲಾದವು ಕಂಡರೆ ತೀವ್ರ. ಇವುಗಳಲ್ಲಿ ರಕ್ತಪರೀಕ್ಷೆಯೊಂದನ್ನು ಬಿಟ್ಟರೆ ಉಳಿದುದನ್ನೆಲ್ಲ ರೋಗಿಯು ತಾನೇ ಎಣಿಸಬಲ್ಲನು. ೧೯೭೬ರಲ್ಲಿ ಅಮೆರಿಕದ ವಿದ್ವಾಂಸರು ಕ್ರೋನ್ ರೋಗಕ್ಕೆ ರೂಪಿಸಿದ ಸೂಚ್ಯಂಕವಂತೂ ರೋಗಿಯು ಏಳು ದಿನ ಬರೆದಿಡುವ ದಿನಚರಿಯನ್ನೇ ಆಧಾರವಾಗಿ ಹೊಂದಿದ್ದಿತು. ವೈದ್ಯರು ರೋಗಿಯ ಲೆಕ್ಕವನ್ನು ತಮ್ಮ ಶಾಸ್ತ್ರಕ್ಕೆ ತೆಗೆದುಕೊಂಡರು. ಆ ಲೆಕ್ಕದ ಆಧಾರದ ಮೇಲೆ ನಿರ್ಧಾರ ಕೈಗೊಳ್ಳುವ ಅಧಿಕಾರವನ್ನು ಮಾತ್ರ ಇನ್ನೂ ಕಾಲು ಶತಮಾನ ತಮ್ಮಲ್ಲಿಯೇ ಉಳಿಸಿಕೊಂಡರು.

ಔಷಧದ ರೂಪವೂ ಈ ಮಧ್ಯೆ ರೋಗಿಯ ಮನೆಗೆ ಸಮೀಪವಾಗುತ್ತ ಬಂದಿತು. ೧೯೫೬ರಲ್ಲಿ ಟ್ರೂಲವ್ ಬಳಕೆಗೆ ತಂದ ಹೈಡ್ರೊಕಾರ್ಟಿಸೋನ್ ಬಸ್ತಿಯು ಮನೆಯಲ್ಲಿಯೇ ತೆಗೆದುಕೊಳ್ಳಬಹುದಾದಂತಹುದು. ೧೯೬೫ರಲ್ಲಿ ಮಿಸಿಯೆವಿಚ್ ಮತ್ತು ಸಂಗಡಿಗರು ರೋಗವು ಅಡಗಿರುವಾಗಲೂ ಸಲ್ಫಸಲಜೀನನ್ನು ದಿನವೂ ನುಂಗುತ್ತಿದ್ದರೆ ಮರುಕಳಿಕೆ ಕಡಿಮೆಯಾಗುವುದೆಂದು ತೋರಿಸಿದರು. ೧೯೭೭ರಲ್ಲಿ ಇಂದಿನ ಬಾಂಗ್ಲಾದೇಶದವನಾದ ಆಜಾದ್ ಖಾನ್ ಎಂಬ ಸಂಶೋಧಕನು ಟ್ರೂಲವ್‌ನೊಡನೆ ಕೆಲಸ ಮಾಡಿ, ಆ ಔಷಧದ ಎರಡು ಘಟಕಗಳಲ್ಲಿ ಗುಣಕಾರಿಯಾದುದು ಯಾವುದೆಂಬುದನ್ನು ನಿರ್ಣಯಿಸಿದನು. ಇಂದು ಬಳಕೆಯಲ್ಲಿರುವ ಮೆಸಲಜೀನ್ ಅದೇ. ನೋವಿಲ್ಲದ ದಿನ ಔಷಧವನ್ನು ನೆನಪಿಟ್ಟು ನುಂಗುವುದು ನೋವಿರುವ ದಿನ ನುಂಗುವುದಕ್ಕಿಂತ ಕಷ್ಟ. ಅದನ್ನು ವೈದ್ಯನು ಮಾಡಿಸಲಾರನು, ರೋಗಿಯೇ ಮಾಡಬೇಕು. ಹೀಗೆ ೧೯೬೫ರಿಂದ ಮುಂದಕ್ಕೆ ಚಿಕಿತ್ಸೆಯ ಬಹುಭಾಗ, ಯಾರೂ ಬಾಯಿಬಿಟ್ಟು ಒಪ್ಪದಿದ್ದರೂ, ಆಸ್ಪತ್ರೆಯ ಹೊರಗೆ ನಡೆಯತೊಡಗಿದ್ದಿತು.

೧೯೬೭ರಲ್ಲಿ ನ್ಯೂಯಾರ್ಕಿನಲ್ಲಿಯೂ ೧೯೭೯ರಲ್ಲಿ ಬ್ರಿಟನ್ನಿನಲ್ಲಿಯೂ ಈ ಎರಡು ರೋಗಗಳವರ ರಾಷ್ಟ್ರೀಯ ಸಂಸ್ಥೆಗಳು ಸ್ಥಾಪಿತವಾದವು. ‘ಸ್ವಯಂನಿರ್ವಹಣೆ’ ಎಂಬ ಪರಿಭಾಷೆ ಮಾತ್ರ ಇವುಗಳಿಂದ ಬಂದುದಲ್ಲ. ಅದು ಉಬ್ಬಸದ ಮಕ್ಕಳ ಶಿಕ್ಷಣದಿಂದಲೂ, ೧೯೭೦ರ ದಶಕದ ಕೊನೆಯಿಂದ ಸ್ಟ್ಯಾನ್‌ಫರ್ಡಿನಲ್ಲಿ ಕೇಟ್ ಲೋರಿಗ್ ಕೀಲುವಾತದವರಿಗಾಗಿ ನಡೆಸಿದ ತರಗತಿಗಳಿಂದಲೂ ಹರಿದುಬಂದಿತು. ಕಾರ್ಬಿನ್ ಮತ್ತು ಸ್ಟ್ರಾಸ್ ಎಂಬ ಸಮಾಜಶಾಸ್ತ್ರಜ್ಞರು ೧೯೮೮ರಲ್ಲಿ ದೀರ್ಘರೋಗವನ್ನು ಮುಗಿಯದ ಒಂದು ದುಡಿಮೆಯೆಂದು ವಿವರಿಸಿದರು. ಔಷಧದ ಕೆಲಸ, ಸಂಸಾರ ಉದ್ಯೋಗಗಳನ್ನು ನಡೆಸುವ ಕೆಲಸ, ಮನಸ್ಸನ್ನು ಸಂತೈಸಿಕೊಳ್ಳುವ ಕೆಲಸ ಎಂದು ಅದರಲ್ಲಿ ಮೂರು ಬಗೆ.

ಕೊಲೈಟಿಸಿನ ಮಟ್ಟಿಗೆ ನಿರ್ಣಾಯಕವಾದ ಪ್ರಯೋಗವು ವಾಯವ್ಯ ಇಂಗ್ಲೆಂಡಿನಲ್ಲಿ ನಡೆದು ೨೦೦೧ರಲ್ಲಿ ಪ್ರಕಟವಾಯಿತು. ರಾಬಿನ್ಸನ್, ಥಾಂಪ್ಸನ್ ಮತ್ತು ಸಹಕಾರ್ಯಕರ್ತರು ೨೦೩ ರೋಗಿಗಳನ್ನು ಯಾದೃಚ್ಛಿಕವಾಗಿ ಎರಡು ಪಂಗಡ ಮಾಡಿದರು. ಒಂದು ಪಂಗಡದವರು ಎಂದಿನಂತೆ ಗೊತ್ತಾದ ದಿನಗಳಲ್ಲಿ ಆಸ್ಪತ್ರೆಗೆ ಬರುತ್ತಿದ್ದರು. ಇನ್ನೊಂದು ಪಂಗಡದ ಪ್ರತಿಯೊಬ್ಬರೊಡನೆಯೂ ವೈದ್ಯನು ಹದಿನೈದರಿಂದ ಮೂವತ್ತು ನಿಮಿಷ ಕುಳಿತು, ಉಲ್ಬಣವನ್ನು ಗುರುತಿಸುವ ಬಗೆಯನ್ನೂ ಆಗ ಕೈಗೊಳ್ಳಬೇಕಾದ ಚಿಕಿತ್ಸೆಯನ್ನೂ ಅವರ ಹಿಂದಿನ ಅನುಭವವನ್ನು ಕೇಳಿಕೊಂಡೇ ನಿಶ್ಚಯಿಸಿ ಬರೆದುಕೊಟ್ಟನು. ಇವರಿಗೆ ಗೊತ್ತಾದ ಭೇಟಿಗಳಿಲ್ಲ, ಬೇಕೆನಿಸಿದಾಗ ಬರಬಹುದು. ಫಲವೇನಾಯಿತು? ಎರಡನೆಯ ಪಂಗಡದಲ್ಲಿ ಉಲ್ಬಣಕ್ಕೆ ಚಿಕಿತ್ಸೆ ಆರಂಭವಾಗಲು ಸರಾಸರಿ ೧೪.೮ ಗಂಟೆಗಳು ಹಿಡಿದರೆ ಮೊದಲನೆಯದರಲ್ಲಿ ೪೯.೬ ಗಂಟೆಗಳು ಹಿಡಿದವು. ವರ್ಷಕ್ಕೆ ವೈದ್ಯರ ಭೇಟಿ ಕ್ರಮವಾಗಿ ೦.೯ ಮತ್ತು ೨.೯. ರೋಗಿಯ ಕೈಗೆ ನಿರ್ಧಾರವನ್ನು ಕೊಟ್ಟರೆ ಅನಾಹುತವಾಗುವುದೆಂಬ ಶಂಕೆಗೆ ಇದು ಉತ್ತರವಾಯಿತು.

ಇದನ್ನು ಹತ್ತೊಂಬತ್ತು ಆಸ್ಪತ್ರೆಗಳ ೭೦೦ ರೋಗಿಗಳಿಗೆ ವಿಸ್ತರಿಸಿದ ಕೆನಡಿ ಮತ್ತು ಸಂಗಡಿಗರ ವರದಿಯು ೨೦೦೪ರಲ್ಲಿ ಹೊರಬಂದಿತು. ಇಲ್ಲಿ ರೋಗಿಗಳ ನೆರವಿನಿಂದಲೇ ಸಿದ್ಧವಾದ ಕೈಪಿಡಿಯನ್ನು ಹಂಚಲಾಯಿತು. ಅದಕ್ಕಿಂತ ಗಮನಾರ್ಹವಾದುದೆಂದರೆ, ರೋಗಿಯ ಮಾತನ್ನು ಕೇಳಿ ಅವನೊಡನೆ ಸಮಾಲೋಚಿಸುವ ಕ್ರಮದಲ್ಲಿ ವೈದ್ಯರಿಗೂ ತರಬೇತಿ ಕೊಡಲಾಯಿತು. ಆಸ್ಪತ್ರೆಯ ಭೇಟಿಗಳು ವರ್ಷಕ್ಕೆ ಸುಮಾರು ಒಂದರಷ್ಟು ತಗ್ಗಿದವು. ರೋಗಿಗಳ ಆತಂಕ ಹೆಚ್ಚಲಿಲ್ಲ. ಸ್ವಯಂನಿರ್ವಹಣೆಗೆ ರೋಗಿಯೊಬ್ಬನನ್ನೇ ತಿದ್ದಿದರೆ ಸಾಲದು, ಆಸ್ಪತ್ರೆಯ ನಡವಳಿಕೆಯೂ ಬದಲಾಗಬೇಕೆಂಬುದು ಈ ಪ್ರಯೋಗದ ಹಿಂದಿದ್ದ ವಿಚಾರ. ಈಚಿನ ಅನುಕರಣಗಳಲ್ಲಿ ಮರೆತುಹೋಗುತ್ತಿರುವುದೂ ಇದೇ.

ಗಣಕಯಂತ್ರ, ದೂರವಾಣಿಗಳ ಮೂಲಕ ನಡೆದ ಪ್ರಯೋಗಗಳನ್ನು ಸಂಕ್ಷೇಪವಾಗಿ ಹೇಳಬಹುದು. ೨೦೧೦ರಲ್ಲಿ ಡೆನ್ಮಾರ್ಕ್ ಮತ್ತು ಐರ್ಲೆಂಡಿನ ೩೩೩ ರೋಗಿಗಳ ಅಧ್ಯಯನ ಪ್ರಕಟವಾಯಿತು; ಡೆನ್ಮಾರ್ಕಿನಲ್ಲಿ ಸ್ವಯಂನಿರ್ವಹಣೆಯ ಪಂಗಡದವರ ಉಲ್ಬಣವು ಸಾಮಾನ್ಯವಾಗಿ ೧೮ ದಿನಗಳಲ್ಲಿ ಅಡಗಿದರೆ ಉಳಿದವರಲ್ಲಿ ೭೭ ದಿನಗಳು ಬೇಕಾದವು. ೨೦೧೭ರಲ್ಲಿ ನೆದರ್‌ಲೆಂಡ್ಸ್ ದೇಶದ ೯೦೯ ರೋಗಿಗಳಲ್ಲಿ ಹೊರರೋಗಿ ಭೇಟಿಗಳೂ ಆಸ್ಪತ್ರೆಯ ವಾಸವೂ ಕಡಿಮೆಯಾದುದು ಕಂಡುಬಂದಿತು. ಉಪಕರಣ ಹೊಸದು, ತತ್ತ್ವ ೨೦೦೧ರದು, ಇನ್ನೂ ಹಿಂದಕ್ಕೆ ಹೋದರೆ ೧೯೫೧ರ ವಾರ್ಡುಗಳದು.

ಇದಕ್ಕೆ ಮಿತಿಯೂ ಉಂಟು. ಟ್ರೂಲವ್ ಹೇಳಿದ ತೀವ್ರ ಲಕ್ಷಣಗಳು ಕಂಡಾಗ ಮನೆಯಲ್ಲಿ ಉಳಿಯುವುದು ಪ್ರಾಣಾಪಾಯಕರ. ಕೊಲೈಟಿಸ್ ದೀರ್ಘಕಾಲ ಇದ್ದವರಲ್ಲಿ ದೊಡ್ಡ ಕರುಳಿನ ಕ್ಯಾನ್ಸರಿನ ಸಂಭವ ಹೆಚ್ಚುವುದರಿಂದ, ಎಷ್ಟೇ ಆರೋಗ್ಯವಾಗಿದ್ದರೂ ಕಾಲಕಾಲಕ್ಕೆ ಪರೀಕ್ಷೆಗೆ ಒಳಗಾಗಬೇಕು. ಅದನ್ನು ರೋಗಿಯು ತನ್ನ ಲಕ್ಷಣಗಳಿಂದ ಊಹಿಸಲಾರನು.

ಭಾರತದಲ್ಲಿ ಈ ರೋಗವು ವಿರಳವೆಂಬ ನಂಬಿಕೆ ಬಹುಕಾಲ ಇದ್ದಿತು. ಅಜಿತ್ ಸೂದ್ ಮತ್ತು ಸಹಕಾರ್ಯಕರ್ತರು ಪಂಜಾಬಿನಲ್ಲಿ ಐವತ್ತು ಸಾವಿರಕ್ಕೂ ಮಿಕ್ಕ ಜನರನ್ನು ಸಮೀಕ್ಷಿಸಿ, ಅಲ್ಸರೇಟಿವ್ ಕೊಲೈಟಿಸಿನ ಪ್ರಮಾಣ ಲಕ್ಷಕ್ಕೆ ೪೪.೩ ಎಂದು ೨೦೦೩ರಲ್ಲಿ ಪ್ರಕಟಿಸಿದ ಮೇಲೆ ಆ ನಂಬಿಕೆ ಸಡಿಲಿತು. ಆದರೆ ಪಾಶ್ಚಾತ್ಯ ಪ್ರಯೋಗಗಳನ್ನು ಹಾಗೆಯೇ ಇಲ್ಲಿಗೆ ತರಲು ಬಾರದು. ನಮ್ಮಲ್ಲಿ ಕ್ರೋನ್ ರೋಗವನ್ನು ಕರುಳಿನ ಕ್ಷಯದಿಂದ ಬೇರ್ಪಡಿಸುವುದೇ ನುರಿತ ವೈದ್ಯರಿಗೂ ಕಷ್ಟ. ಕ್ಷಯದ ಔಷಧವನ್ನು ಕೆಲವು ತಿಂಗಳು ಕೊಟ್ಟುನೋಡಿ ನಿರ್ಣಯಿಸುವುದೂ ಉಂಟು. ಯಾವ ರೋಗವೆಂದೇ ನಿಶ್ಚಯವಾಗದವನಿಗೆ ಸ್ವಯಂನಿರ್ವಹಣೆಯ ಪಾಠ ಹೇಳುವುದು ಹೇಗೆ? ಕ್ಷಯವಿದ್ದವನು ಪ್ರೆಡ್ನಿಸೊಲೋನಿನಂತಹ ಸ್ಟೆರಾಯ್ಡನ್ನು ಹಳೆಯ ಚೀಟಿಯ ಬಲದಿಂದ ಔಷಧದ ಅಂಗಡಿಯಲ್ಲಿ ಕೊಂಡು ನುಂಗಿದರೆ ಆಗುವ ಹಾನಿ ಸಣ್ಣದಲ್ಲ. ಸಾಲ್ಫರ್ಡಿನ ವೈದ್ಯನು ಬರೆದುಕೊಟ್ಟ ಕಾಗದಕ್ಕೂ ಇಂತಹ ಚೀಟಿಗೂ ಮೇಲುನೋಟಕ್ಕೆ ವ್ಯತ್ಯಾಸ ಕಾಣದು. ಒಂದರ ಹಿಂದೆ ಅರ್ಧ ಗಂಟೆಯ ಮಾತುಕತೆಯೂ ಬೇಕಾದಾಗ ತೆರೆದಿರುವ ಬಾಗಿಲೂ ಇವೆ; ಇನ್ನೊಂದರ ಹಿಂದೆ ಯಾವುದೂ ಇಲ್ಲ.

ಭಾಷೆಯ ವಿಷಯವೂ ಇದೆ. ಬರೆದುಕೊಡುವ ಕ್ರಮವೆಲ್ಲ ಲಕ್ಷಣಗಳನ್ನು ಹೆಸರಿಸುವುದರ ಮೇಲೆ ನಿಂತಿದೆ. ಕನ್ನಡದಲ್ಲಿ ‘ಭೇದಿ’ ಎಂದರೆ ಒಂದೆರಡು ದಿನಗಳಲ್ಲಿ ನಿಲ್ಲುವಂತಹುದೆಂಬ ಭಾವನೆ. ‘ಆಮಶಂಕೆ’ ಎಂದೊಡನೆ ಕೆಟ್ಟ ನೀರು, ಕೆಟ್ಟ ಊಟಗಳ ನೆನಪಾಗಿ, ಅದಕ್ಕೆ ತಕ್ಕ ಗುಳಿಗೆಯನ್ನು ತಂದು ನುಂಗುವುದು ರೂಢಿ. ತಿಂಗಳುಗಟ್ಟಲೆ ರಕ್ತ ಬೀಳುತ್ತಿದ್ದರೂ ಮೂಲವ್ಯಾಧಿಯೆಂದು ಸುಮ್ಮನಿರುವವರುಂಟು. ತಡೆಯಲಾಗದ ಅವಸರ, ಹೋಗಿಬಂದರೂ ತೀರದ ಶಂಕೆ, ನಿದ್ದೆಯಿಂದ ಎಬ್ಬಿಸುವ ಬಾಧೆ, ಇವುಗಳನ್ನು ಒಂದರಿಂದ ಒಂದು ಬಿಡಿಸಿ ಹೇಳುವ ಮಾತುಗಳು ನಮ್ಮ ಜನರ ಬಾಯಲ್ಲಿ ಇಲ್ಲದಿಲ್ಲ. ಬೇರೆ ಬೇರೆ ಸೀಮೆಗಳಲ್ಲಿ ಬೇರೆ ಬೇರೆಯಾಗಿವೆ, ಹಿರಿಯರ ಮುಂದೆ ಆಡಲು ಸಂಕೋಚಪಡುವಂತಹವೂ ಆಗಿವೆ. ಕೈಪಿಡಿಯನ್ನು ಬರೆಯುವವರು ಮೊದಲು ಅವುಗಳನ್ನು ರೋಗಿಗಳ ಬಾಯಿಂದಲೇ ಕೇಳಿ ಸಂಗ್ರಹಿಸಬೇಕಾಗುತ್ತದೆ.